ಹಿಟ್ಟಿನ ಡಬ್ಬದ ಮೇಲಿನ ಬಿನ್ನವತ್ತಳೆ

ನಮ್ಮ ಮನೆಯ ರಾಗಿಹಿಟ್ಟಿನ ಡಬ್ಬಕ್ಕೆ ಮುಚ್ಚಳವಾಗಿರುವುದು ನನ್ನ ಬಿನ್ನವತ್ತಳೆ. ನಾನು ನಿವೃತ್ತನಾದ ದಿನ ಶಾಲೆಯವರು ಅಚ್ಚು ಹಾಕಿಸಿ, ಗಾಜು ಕೂರಿಸಿ, ಚಿನ್ನದ ಬಣ್ಣದ ಕಟ್ಟು ಹಾಕಿಸಿ ಕೊಟ್ಟದ್ದು. ಡಬ್ಬದ ಬಾಯಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ. ಅದು ಬಂದ ಮೇಲೆ ನಮ್ಮ ಹಿಟ್ಟಿಗೆ ಜಿರಳೆ ಬಿದ್ದಿಲ್ಲ.

ಮೊನ್ನೆ ಬೇಲೂರಿನಿಂದ ನನ್ನ ಹೆಂಡತಿಯ ಅಣ್ಣ ಬಂದಿದ್ದರು. ನೀರು ಕುಡಿಯಲು ಅಡುಗೆಮನೆಗೆ ಹೋದವರು ಅಲ್ಲೇ ನಿಂತು ನನ್ನ ಗುಣಗಾನವನ್ನೆಲ್ಲ ಓದಿ ಮುಗಿಸಿ, ಚೊಂಬು ಹಿಡಿದುಕೊಂಡೇ ಹೊರಗೆ ಬಂದರು.

“ಏನ್ ಭಾವ ಇದು? ಜನ ಇಂಥದ್ದನ್ನ ಹಾಲ್‌ನಲ್ಲಿ ಟಿ.ವಿ. ಮೇಲೆ ನೇತು ಹಾಕ್ತಾರೆ. ನಮ್ಮ ಶಾರದ ನಿಮ್ಮ ಮರ್ಯಾದೆನ ಹಿಟ್ಟಿನ ಡಬ್ಬಕ್ಕೆ ಮುಚ್ಚಿದಾಳಲ್ಲ.”

“ನನ್ನ ಮೇಲೆ ಹಾಕ್ಬೇಡ ಕಣಣ್ಣ. ಅದನ್ನ ಅಲ್ಲಿಟ್ಟಿರೋರು ಅವರೇ,” ಎಂದಳು ಶಾರದ ಒಳಗಿನಿಂದ.

ಇಟ್ಟವನು ನಾನೇ, ನಿಜ. ಯಾಕೆ ಎಂದು ಭಾವನಿಗೆ ಹೇಳಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ನಿಮಗೂ ಹೇಳುತ್ತೇನೆ, ಆದರೆ ನಾನು ನೆಟ್ಟಗಿನ ದಾರಿಯಲ್ಲಿ ಹೋಗುವವನಲ್ಲ. ನಲವತ್ತು ನಿಮಿಷದ ಪಾಠದಲ್ಲಿ ಮೂವತ್ತು ನಿಮಿಷ ಊರೆಲ್ಲ ಸುತ್ತಿ ಬೆಲ್ ಹೊಡೆಯುವಾಗ ಪದ್ಯಕ್ಕೆ ಬರುತ್ತಿದ್ದೆ ಎಂದು ನನ್ನ ವಿದ್ಯಾರ್ಥಿಗಳು ಇಂದಿಗೂ ಆಡಿಕೊಳ್ಳುತ್ತಾರೆ.

ಅರಸೀಕೆರೆಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಪಾಠ ಎಷ್ಟು ಮಾಡಿದೆನೋ, ಬಿನ್ನವತ್ತಳೆ ಅದಕ್ಕಿಂತ ಹೆಚ್ಚು ಬರೆದೆ. ರೈಲ್ವೆ ಸ್ಟೇಷನ್ನಿನವರು ನಿವೃತ್ತರಾದರೆ ನಾನು, ಕೊಬ್ಬರಿ ಮಂಡಿಯ ಯಜಮಾನರಿಗೆ ಅರವತ್ತು ತುಂಬಿದರೆ ನಾನು, ಸಾಹೇಬರಿಗೆ ವರ್ಗವಾದರೆ ನಾನು. ಒಬ್ಬ ಅಧಿಕಾರಿಯಂತೂ ಯಾವಾಗ ಊರು ಬಿಡುತ್ತಾನೋ ಎಂದು ಜನ ಕಾಯುತ್ತಿದ್ದರು. ಅವನಿಗೂ ‘ತಮ್ಮ ಅಗಲಿಕೆಯಿಂದ ಈ ತಾಲ್ಲೂಕು ಅನಾಥವಾಗಿದೆ’ ಎಂದು ಬರೆದು, ನಾನೇ ಗದ್ಗದ ಕಂಠದಲ್ಲಿ ಓದಿ, ಕೆಳಗಿಳಿದು ಬಂದು ಮೈಸೂರುಪಾಕು ತಿಂದೆ.

ಬರೆಯುವುದೇನೂ ಕಷ್ಟವಿರಲಿಲ್ಲ. ಮೊದಲನೇ ಪ್ಯಾರಾದಲ್ಲಿ ಬಡತನದಲ್ಲಿ ಹುಟ್ಟಬೇಕು. ಎರಡನೆಯದರಲ್ಲಿ ಸೇವೆ, ಮೂರನೆಯದರಲ್ಲಿ ದೂರದೃಷ್ಟಿ, ಕೊನೆಯಲ್ಲಿ ಭಗವಂತ ಆಯುರಾರೋಗ್ಯ ಕೊಡಬೇಕು. ನನ್ನ ಕೈಗೆ ಸಿಕ್ಕಿದವರೆಲ್ಲ ಬಡತನದಲ್ಲೇ ಹುಟ್ಟಿದವರು. ಒಬ್ಬ ಮಂಡಿ ಯಜಮಾನರು ಮಾತ್ರ, “ನಮ್ಮಪ್ಪಂಗೆ ಎರಡು ಮಂಡಿ ಇತ್ತು ಕಣ್ರೀ ಮೇಷ್ಟ್ರೆ, ಬೀಗರು ಬೇರೆ ಬರ್ತಾರೆ, ಆ ಬಡತನ ತೆಗೀರಿ,” ಎಂದು ಹಿಂದಿನ ದಿನ ಹಟ ಹಿಡಿದರು. ತೆಗೆದೆ. ಆ ಜಾಗದಲ್ಲಿ ಇನ್ನಷ್ಟು ದೂರದೃಷ್ಟಿ ಹಾಕಿದೆ.

ಅಚ್ಚು ಹಾಕುತ್ತಿದ್ದವನು ಪ್ರೆಸ್ಸಿನ ನಂಜುಂಡಯ್ಯ. ಆಗಿನ್ನೂ ಸೀಸದ ಅಚ್ಚುಮೊಳೆ ಒಂದೊಂದನ್ನೇ ಖಾನೆಯಿಂದ ಹೆಕ್ಕಿ ಜೋಡಿಸುವ ಕಾಲ. ನನ್ನ ಕೈಬರಹ ಕಂಡರೆ ಅವನು ತಲೆ ಚಚ್ಚಿಕೊಳ್ಳುತ್ತಿದ್ದ. “ಶ್ರೇಷ್ಠ, ವಿಶಿಷ್ಟ, ದೂರದೃಷ್ಟಿ, ಕರ್ತವ್ಯನಿಷ್ಠೆ ಅಂತ ಒಂದೇ ಹಾಳೇಲಿ ಹಿಂಗೆ ಸುರಿದ್ರೆ ನಾನೆಲ್ಲಿಂದ ತರ್ಲಿ ಅಷ್ಟೊಂದು ಷಕಾರ? ಯಾರನ್ನಾದ್ರೂ ಬರೀ ಒಳ್ಳೇವ್ರು ಅಂತ ಬರೀರಿ ಸಾರ್, ಆ ಮೊಳೆ ಬೇಕಾದಷ್ಟಿದೆ,” ಎನ್ನುತ್ತಿದ್ದ. ನಾನು ಕೇಳಲಿಲ್ಲ.

ಇಷ್ಟು ಬಿನ್ನವತ್ತಳೆಗಳಲ್ಲಿ ಮನಸ್ಸಿಟ್ಟು ಬರೆದದ್ದು ಒಂದನ್ನೇ. ಅದು ಹಳೇಬೀಡಿನ ನೀರುಗಂಟಿ ಸಿದ್ದಯ್ಯನವರದ್ದು.

ಹಳೇಬೀಡು ನನ್ನ ಊರು. ಹೊರಗಿನವರು ಅಲ್ಲಿಗೆ ದೇವಸ್ಥಾನ ನೋಡಲು ಬಂದು, ಎಳನೀರು ಕುಡಿದು, ಮುಂದಿನ ಬಸ್ಸಿಗೆ ಬೇಲೂರಿಗೆ ಹೋಗುತ್ತಾರೆ. ನಮಗೆ ಊರೆಂದರೆ ಕೆರೆ. ಕೆರೆಯ ಕೆಳಗೆ ನಮ್ಮಪ್ಪನದೊಂದು ತುಂಡು ಗದ್ದೆ, ಕಾಲುವೆಯ ಕಟ್ಟಕಡೆಯ ತುದಿಯಲ್ಲಿ. ತೂಬಿನಿಂದ ಹೊರಟ ನೀರು ಮೂವತ್ತು ಜನರ ಗದ್ದೆ ದಾಟಿ, ಅಡ್ಡ ಹಾಕಿದ ಮಣ್ಣು, ಗದ್ದೆಗೆ ನೀರು ತಿರುಗಿಸುವ ಮಡೆ, ಕಿತ್ತಾಟ ಎಲ್ಲವನ್ನೂ ಗೆದ್ದು ಬಂದರೆ ನಮಗೆ. ಅಪ್ಪ ಕಾಲುವೆಯ ಬದುವಿನ ಮೇಲೆ ಕೂತು ನೀರಿಗೆ ಕಾಯುತ್ತಿದ್ದರು. ನಾನು ಅವರ ಪಕ್ಕ ಕೂತು ಏಡಿ ಹಿಡಿಯುತ್ತಿದ್ದೆ. ಆ ಏಡಿಗಳಲ್ಲಿ ಒಂದು ನನ್ನ ಎಡಗೈ ಕಿರುಬೆರಳಿನ ಮೇಲೆ ಇಟ್ಟ ಗುರುತು ಈಗಲೂ ಇದೆ; ಬೇಕಾದವರಿಗೆ ತೋರಿಸುತ್ತೇನೆ.

ಸರದಿಯ ಮೇಲೆ ನೀರು ಬಿಡುವ ಕೆಲಸ ಸಿದ್ದಯ್ಯನವರದು, ಅದಕ್ಕೆ ಸುಗ್ಗಿಯಲ್ಲಿ ಅವರಿಗೆ ಭತ್ತದ ಪಾಲು. ಮೊಣಕಾಲಿನ ತನಕ ಚಡ್ಡಿ, ಹೆಗಲ ಮೇಲೆ ಗುದ್ದಲಿ. ನಾವೆಲ್ಲ ಅವರನ್ನು ಸಿದ್ದಮಾವ ಎನ್ನುತ್ತಿದ್ದೆವು. ಅವರು ಕೆರೆಯ ಏರಿಯ ಮೇಲೆ ಬರುವುದು ಕಂಡರೆ ಅಪ್ಪನ ಮುಖ ಅರಳುತ್ತಿತ್ತು. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷಗಳಲ್ಲಿ ಅವರು ಮೊದಲು ನೀರು ಮುಟ್ಟಿಸುತ್ತಿದ್ದದ್ದು ನಮ್ಮ ತುದಿಗದ್ದೆಗೆ. ನಾವು ಅನ್ನ ಉಂಡದ್ದು ಅದರಿಂದ. ಹಾಗಾಗಿ, ವಯಸ್ಸಾಗಿ ಅವರು ಗುದ್ದಲಿ ಕೆಳಗಿಟ್ಟಾಗ ಗದ್ದೆಯವರೆಲ್ಲ ಸೇರಿ ಸನ್ಮಾನ ಮಾಡುತ್ತೇವೆ ಎಂದದ್ದೇ ತಡ, ನಾನು ಕೂತು ಬರೆದೆ. ದೂರದೃಷ್ಟಿ ಇಲ್ಲ, ನಿಷ್ಠೆ ಇಲ್ಲ, ಕಂಡದ್ದಷ್ಟೇ. ನಂಜುಂಡಯ್ಯ ಮೊಳೆ ಜೋಡಿಸುತ್ತಾ, “ಇದೊಂದು ಸಲೀಸಾಗಿ ಬಂತು ನೋಡಿ ಸಾರ್,” ಎಂದ. ಎಷ್ಟು ಸಲೀಸೆಂದರೆ, ಅಚ್ಚಾದ ಮೇಲೆ ಜೋಡಿಸಿದ ಮೊಳೆಗಳನ್ನು ಬಿಚ್ಚದೆ ದಾರ ಸುತ್ತಿ ಹಲಗೆಯ ಮೇಲೆ ಹಾಗೇ ಇಟ್ಟುಕೊಂಡ. ಅದು ನನಗೆ ಆಗ ಗೊತ್ತಿರಲಿಲ್ಲ.

ಇದಾದ ಒಂದು ತಿಂಗಳಿಗೆ ಎಂ.ಡಿ. ಸಾಹೇಬರ ಪ್ರಕರಣ.

ಅರಸೀಕೆರೆಯ ಹೊರಗೆ ತೆಂಗಿನಕಾಯಿ ತುರಿದು, ಒಣಗಿಸಿ, ಚೀಲ ತುಂಬಿ ಪರದೇಶಕ್ಕೆ ಕಳಿಸುವ ಒಂದು ಕಾರ್ಖಾನೆ ಇತ್ತು. ಸುತ್ತಲ ಹಳ್ಳಿಗಳ ಹೆಂಗಸರು ನೂರಾರು ಜನ ಅಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುತ್ತಿದ್ದರು. ಕಂಪನಿಗೆ ಏನೋ ಪ್ರಶಸ್ತಿ ಬಂತೆಂದು ಅದರ ಎಂ.ಡಿ.ಯವರಿಗೆ ಊರಿನಿಂದ ಸನ್ಮಾನ, ‘ನಾಯಕರತ್ನ’ ಎಂಬ ಬಿರುದು. ಅವರ ಹೆಸರು ಹೇಳುವುದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟರೇ ಈ ಕಥೆಗೆ ಲಕ್ಷಣ. ಸನ್ಮಾನ ಸಮಿತಿಗೆ ಕಾರ್ಯದರ್ಶಿ ನಮ್ಮ ಹೆಡ್‌ಮಾಸ್ಟರು.

“ಸಾರ್, ಸಂಬಳ ತಗೊಂಡು ಕಂಪನಿ ನಡೆಸೋರನ್ನ ಮಹಾನಾಯಕ ಅನ್ನೋದು ಸ್ವಲ್ಪ ಜಾಸ್ತಿ ಆಗಲ್ವಾ?” ಎಂದು ಕೇಳಿದೆ. ಸಂಬಳ ತಗೊಂಡೇ ಪಾಠ ಮಾಡುವ ನನಗೆ ಆ ಪ್ರಶ್ನೆ ಕೇಳಲು ಅಷ್ಟೇನೂ ಹಕ್ಕಿರಲಿಲ್ಲ.

“ಎರಡು ಕೊಠಡಿ ಕಟ್ಟಿಸಿಕೊಡೋ ತನಕ ಮಹಾನಾಯಕ,” ಎಂದರು ಹೆಡ್‌ಮಾಸ್ಟರು. “ಆಮೇಲೆ ಏನು ಅಂತ ನಿಧಾನವಾಗಿ ಯೋಚನೆ ಮಾಡೋಣ. ಸಭೇಲೇ ಘೋಷಣೆ ಮಾಡ್ತಾರಂತೆ. ಅವರ ಮ್ಯಾನೇಜರ್ ಮಾತು ಕೊಟ್ಟಿದಾರೆ. ನಿಮ್ಮ ಕೈಲಿದೆ ಮೇಷ್ಟ್ರೆ.”

ಆ ಎರಡು ಕೊಠಡಿ ನಮಗೆ ಎಷ್ಟು ಬೇಕಿತ್ತೆಂದು ಹೇಳಬೇಕು. ಒಂಬತ್ತನೇ ಕ್ಲಾಸಿನ ಹುಡುಗಿಯರು ಕೂರುತ್ತಿದ್ದದ್ದು ಸೈಕಲ್ ಸ್ಟ್ಯಾಂಡಿನ ಪಕ್ಕದ ಜಗಲಿಯಲ್ಲಿ. ಗೋಡೆಗೆ ಒರಗಿಸಿದ ಬೋರ್ಡು ಗಾಳಿ ಬೀಸಿದರೆ ಮುಗ್ಗರಿಸುತ್ತಿತ್ತು. ಎರಚಲು ಹೊಡೆದರೆ ಐವತ್ತು ಹುಡುಗಿಯರು ಬೆಂಚು ಎಳೆದುಕೊಂಡು ಗೋಡೆಗೆ ಅಂಟಿಕೊಳ್ಳುತ್ತಿದ್ದರು, ನಾನು ಕೊಡೆ ಹಿಡಿದು ವ್ಯಾಕರಣ ಹೇಳುತ್ತಿದ್ದೆ. ಮಳೆಗಾಲದಲ್ಲಿ ಅವರಲ್ಲಿ ಅರ್ಧ ಜನ ಕೆಮ್ಮುತ್ತಿದ್ದರು. ಅವರಿಗೊಂದು ಸೂರು ಸಿಗುವುದಾದರೆ ಎಷ್ಟು ದೂರದೃಷ್ಟಿ ಬೇಕಾದರೂ ಬರೆಯಲು ನಾನು ಸಿದ್ಧನಾಗಿದ್ದೆ.

ಬರೆದೆ ಕೂಡ. ಎರಡು ಪುಟ. ಅಷ್ಟು ಷಕಾರ ಒಂದೇ ಕಡೆ ನಾನೂ ಕಂಡಿರಲಿಲ್ಲ. ಸಭೆ ಭಾನುವಾರ ಸಂಜೆ. ಶುಕ್ರವಾರ ಅದನ್ನು ನಂಜುಂಡಯ್ಯನ ಕೈಗೆ ಕೊಟ್ಟು, ಪ್ರೂಫ್ ಅವನೇ ನೋಡಿಕೊಳ್ಳಲಿ ಎಂದು ಹೇಳಿ ಬಂದೆ. ಭಾನುವಾರ ಬೆಳಿಗ್ಗೆ ಮಾಲೇಕಲ್ಲಿನ ಬೆಟ್ಟದ ದೇವಸ್ಥಾನದಲ್ಲಿ ಶಾರದಳ ತಂಗಿಯ ಮಗುವಿನ ಮುಡಿ ಕೊಡುವುದಿತ್ತು; ಶನಿವಾರವೇ ತಂಗಿಯ ಊರಿಗೆ ಹೋಗಿದ್ದೆವು. ಬೆಟ್ಟ ಹತ್ತಿ ಇಳಿದು, ಊಟದಲ್ಲಿ ಪಾಯಸ ಎರಡು ಸಲ ಹಾಕಿಸಿಕೊಂಡು, ಬಸ್ಸಿನಲ್ಲಿ ತೂಕಡಿಸುತ್ತಾ ನೇರವಾಗಿ ಸಭೆಗೆ ಬಂದೆ. ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ. ವೇದಿಕೆಯ ಮೇಲೆ ಎಂ.ಡಿ. ಸಾಹೇಬರಿಗೆ ಆಗಲೇ ಪೇಟ ತೊಡಿಸಿ, ಶಾಲು ಹೊದಿಸಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟಾಗಿತ್ತು. ನನ್ನ ಕೈಗೆ ಗಾಜಿನ ಕಟ್ಟು ಕೊಟ್ಟು ಮೈಕಿನ ಮುಂದೆ ನಿಲ್ಲಿಸಿದರು.

ಮೇಲೆ ಅವರದೇ ಹೆಸರು, ದೊಡ್ಡ ಅಕ್ಷರದಲ್ಲಿ. ಕೆಳಗೆ ‘ಮಾನ್ಯರೇ’. ಗಂಟಲು ಸರಿಮಾಡಿಕೊಂಡು ಓದತೊಡಗಿದೆ.

“ಸೂರ್ಯ ಹುಟ್ಟುವ ಮುನ್ನವೇ ಕಾರ್ಖಾನೆಯ ಏರಿಯ ಮೇಲೆ ತಮ್ಮ ಬರಿಗಾಲಿನ ಗುರುತು ಮೂಡಿರುತ್ತಿತ್ತು.”

ಕಾರ್ಖಾನೆಗೆ ಎಲ್ಲಿಯ ಏರಿ ಎಂದು ನನಗೆ ಹೊಳೆಯುವಷ್ಟರಲ್ಲಿ ಬಾಯಿ ಮುಂದಿನ ಸಾಲಿಗೆ ಹೋಗಿತ್ತು. “ಸೊಂಟದ ಮಟ್ಟ ಕೆಸರಿಗಿಳಿದು, ತೂಬಿಗೆ ಸಿಕ್ಕಿಕೊಂಡ ಕಸವನ್ನು ತಾವು ಕೈಯಾರೆ ತೆಗೆದಿದ್ದೀರಿ.”

ಹಿಂದಿನ ಸಾಲುಗಳಲ್ಲಿ ಕೂತಿದ್ದ ಕಾರ್ಖಾನೆಯ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. ಎಂ.ಡಿ. ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಮೈಸೂರಿನಲ್ಲಿ ಓದಿದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ನಿಲ್ಲಿಸಲು ಧೈರ್ಯ ಸಾಲದು, ಹೊಸದಾಗಿ ಕಟ್ಟಿ ಹೇಳಲು ತಲೆ ಓಡದು, ಹೊಟ್ಟೆಯಲ್ಲಿ ಎರಡು ಸಲದ ಪಾಯಸ. ಓದುತ್ತಾ ಹೋದೆ.

“ನೀರು ಕಡಿಮೆಯಾದ ವರ್ಷ ತಾವು ಮೊದಲು ಹೋದದ್ದು ತುದಿಗದ್ದೆಗೆ. ತುದಿಯವನು ಕೂಗಿ ಕರೆಯುವ ತನಕ ತಾವು ಕಾಯಲಿಲ್ಲ. ಕಣದಲ್ಲಿ ಎಲ್ಲರೂ ತಮ್ಮ ತಮ್ಮ ಭತ್ತ ಅಳೆದುಕೊಂಡ ಮೇಲೆ, ತಮ್ಮ ಪಾಲನ್ನು ಕಟ್ಟಕಡೆಯಲ್ಲಿ ಪಡೆದಿರಿ.”

ನಗು ನಿಂತುಹೋಯಿತು. ಆಮೇಲೆ ಹಿಂದಿನಿಂದ ಚಪ್ಪಾಳೆ ಶುರುವಾಯಿತು ನೋಡಿ, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಡ್‌ಮಾಸ್ಟರು ಕಣ್ಣು ಮುಚ್ಚಿಕೊಂಡಿದ್ದರು.

ಎಂ.ಡಿ. ಸಾಹೇಬರು ಹಣ್ಣಿನ ಬುಟ್ಟಿ ಕೆಳಗಿಟ್ಟರು. ಪೇಟ ತೆಗೆದು ಕುರ್ಚಿಯ ಮೇಲಿಟ್ಟರು. ಎದ್ದು ಮೈಕಿನ ಹತ್ತಿರ ಬಂದರು.

“ಮೇಷ್ಟ್ರು ಓದಿದ್ರಲ್ಲ, ಇದರಲ್ಲಿ ಒಂದನ್ನೂ ನಾನು ಮಾಡಿಲ್ಲ. ಮಾಡಿದವರು ಯಾರೋ ಇದ್ದಾರೆ. ಅವರಿಗೆ ನನ್ನ ನಮಸ್ಕಾರ.”

ಅಷ್ಟೇ. ಕೂತರು. ಕೊಠಡಿಯ ಮಾತೇ ಬರಲಿಲ್ಲ. ರಾಷ್ಟ್ರಗೀತೆ ಮುಗಿಯುತ್ತಿದ್ದಂತೆ ಕಾರು ಬೆಂಗಳೂರಿನ ಕಡೆ ಹೋಯಿತು.

ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ನುಗ್ಗಿದೆ. ನಂಜುಂಡಯ್ಯ ಶಾಂತವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. “ಕರೆಂಟ್ ಇಲ್ಲ, ಷಕಾರ ಇಲ್ಲ, ನೀವೂ ಊರಲ್ಲಿಲ್ಲ. ಕಟ್ಟಿಟ್ಟಿದ್ದು ಒಂದಿತ್ತು, ಹೆಸರು ಬದಲಾಯಿಸ್ದೆ. ಕೆರೆ ಅಂತ ಇದ್ದ ಕಡೆ ಕಾರ್ಖಾನೆ ಅಂತಾನೂ ಹಾಕಿದೀನಲ್ಲ ಸಾರ್. ನಿಮ್ಮ ಬಿನ್ನವತ್ತಳೆ ಇಷ್ಟು ವರ್ಷದಿಂದ ಹಂಗೇ ಅಲ್ವಾ, ಹೆಸರು ತಾನೇ ಬೇರೆ?”

ಬೈಯಲು ಹೋದವನು ಅಚ್ಚಿನ ಬಾಕಿ ಕೊಟ್ಟು ಬಂದೆ. ಅವನು ಹೇಳಿದ್ದರಲ್ಲಿ ತಪ್ಪೇನಿತ್ತು?

ಆಮೇಲಿನ ಮೂರು ವಾರ ಹೆಡ್‌ಮಾಸ್ಟರು ನನ್ನೊಡನೆ ಚೀಟಿಯಲ್ಲೇ ಮಾತಾಡಿದರು. ಅತ್ತ ಬಸ್ಸಿನಲ್ಲಿ ಕಾರ್ಖಾನೆಯ ಹೆಂಗಸೊಬ್ಬಳು ಎದ್ದು ನನಗೆ ಸೀಟು ಕೊಟ್ಟು, “ಚೆನ್ನಾಗ್ ಮಡಗಿದ್ರಿ ಮೇಷ್ಟ್ರೆ ಅವತ್ತು. ಎದೆಗಾರ್ಕೆ ಅಂದ್ರೆ ನಿಮ್ದು ಕಣ್ರೀ,” ಎಂದಳು. ಬೇಕೆಂದೇ ಹಾಗೆ ಓದಿದೆ ಎಂದು ಅವರೆಲ್ಲ ತಿಳಿದಿದ್ದರು. ಇಲ್ಲ ಎಂದು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ನನ್ನ ಸ್ಟಾಪ್ ಬಂತು. ನಿಜ ಹೇಳಬೇಕೆಂದರೆ ಸ್ಟಾಪ್ ಇನ್ನೂ ದೂರವಿತ್ತು. ಜಗಲಿಯಲ್ಲಿ ಹುಡುಗಿಯರು ಕೆಮ್ಮುವಾಗ ಮಾತ್ರ ಆ ಎದೆಗಾರಿಕೆ ಎಲ್ಲ ಇಳಿದುಹೋಗಿ, ಎರಡು ಬಟ್ಟಲು ಪಾಯಸಕ್ಕೆ ಇವರ ಸೂರು ಕಳೆದೆನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನಾಲ್ಕನೇ ವಾರ, ಭಾನುವಾರ, ಎಂ.ಡಿ.ಯವರ ಕಾರು ನಮ್ಮ ಮನೆ ಮುಂದೆ ನಿಂತಿತು. ಶಾರದ ಗಾಬರಿಯಿಂದ ಕುರ್ಚಿ ಒರೆಸಿದಳು. ಅವರು ಕೂರಲಿಲ್ಲ. “ಅದು ಯಾರದ್ದು ಮೇಷ್ಟ್ರೆ? ಅವರನ್ನ ನೋಡ್ಬೇಕು,” ಎಂದರು.

ಹಳೇಬೀಡಿನಲ್ಲಿ ಸಿದ್ದಮಾವ ಮನೆಯ ಮುಂದೆ ಕೂತು ಹಳೆಯ ಗುದ್ದಲಿಗೆ ಹೊಸ ಮರದ ಕಾವು ಹಾಕುತ್ತಿದ್ದರು. ನಾನು ವಿಷಯವೆಲ್ಲ ಹೇಳಿದೆ. “ನನ್ ಸಾಮಾನು ನಿಮ್ ಮನೇಗ್ ಬಂದದೆ ಅನ್ನಿ,” ಎಂದು ನಕ್ಕು, ಅವರಿಗೆ ಚಾಪೆ ತೋರಿಸಿದರು. ಎಂ.ಡಿ.ಯವರು ಬೂಟು ಬಿಚ್ಚಿ ಕೂತರು.

“ನೀರು ಕಡಿಮೆ ಇದ್ದಾಗ ತುದಿಗೆ ಮೊದಲು ಬಿಡ್ತಿದ್ರಂತಲ್ಲ, ಪಾಪ ಅಂತಾನಾ?”

“ಪಾಪನೂ ಇಲ್ಲ ಎಂಥದೂ ಇಲ್ಲ ಸ್ವಾಮಿ. ತೂಬಿನ್ ಪಕ್ಕದೋನಿಗೆ ಮೊದ್ಲು ಬಿಟ್ರೆ ಅವ್ನು ಮಡೆ ಮುಚ್ಚಾದೇ ಇಲ್ಲ. ತುದಿಯೋನಿಗೆ ಬಿಟ್ರೆ ನೀರು ಎಲ್ಲಾರ ಗದ್ದೆ ಮುಂದೇನೇ ಹೋಗ್ಬೇಕಲ್ಲ. ಎಲ್ರೂ ಕಾಯ್ಕಂಡು ಕೂತಿರ್ತಾರೆ, ಒಬ್ರುನ್ನೊಬ್ರು ನೋಡ್ಕಂತಿರ್ತಾರೆ. ಕದಿಯಾಕೆ ಆಗಾಕಿಲ್ಲ. ನಂಗೆ ಕೆಲ್ಸ ಕಮ್ಮಿ.”

“ಮತ್ತೆ ಭತ್ತ ಕೊನೇಲಿ ತಗೋತಿದ್ದದ್ದು?”

“ಮೊದ್ಲೇ ಈಸ್ಕಂಬುಟ್ರೆ ಮಿಕ್ಕೋರ ಬೆಳೆ ಏನಾದ್ರೆ ನಂಗೇನು ಅನ್ನಿಸ್ಬುಡ್ತದೆ. ಎಲ್ರೂ ಅಳ್ಕಂಡ್ ಮ್ಯಾಲೆ ಉಳಿದ್ರೆ ನಂದು. ಅದ್ಕೇ ಉಳಿಯಂಗೆ ನೋಡ್ಕಂತಿದ್ದೆ.”

ಎಂ.ಡಿ.ಯವರು ನನ್ನ ಕಡೆ ತಿರುಗಿ, “ಇದನ್ನ ಕಲಿಯೋಕೆ ನಮ್ಮ ಕಂಪನಿ ನನ್ನನ್ನ ಪರದೇಶಕ್ಕೆ ಕಳಿಸಿತ್ತು. ಅಲ್ಲಿ ಇಷ್ಟು ಚೆನ್ನಾಗಿ ಹೇಳ್ಲಿಲ್ಲ,” ಎಂದರು.

“ಪೂರ್ತಿ ಕೇಳ್ಕಳಿ ಸ್ವಾಮಿ,” ಎಂದರು ಸಿದ್ದಮಾವ. “ಒಂದ್ ವರ್ಷ ಗೆಂಡೇಹಳ್ಳಿಗೆ ಮದ್ವೆ ಊಟುಕ್ಕೋದೋನು ತೂಬು ಮುಚ್ಚಾದೇ ಮರ್ತೆ. ಎರಡ್ ದಿನ ಬಿಟ್ಟು ಬಂದ್ ನೋಡ್ತೀನಿ, ಕೆರೆ ನೀರೆಲ್ಲ ಹಳ್ಳ ಸೇರ್ಬುಟ್ಟದೆ. ತೂಬು ಸಡ್ಲ ಆಗಿತ್ತು ಅಂತ ಊರಿಗೆಲ್ಲ ಸುಳ್ಳೇಳ್ದೆ. ಈ ಮೇಷ್ಟ್ರು ಅದ್ನ ಬರೀಲಿಲ್ಲ. ಇವ್ರಿಗೆ ಗೊತ್ತೂ ಇರ್ಲಿಲ್ಲ ಬುಡಿ.”

ಆ ವರ್ಷ ನನಗೆ ಚೆನ್ನಾಗಿ ನೆನಪಿದೆ. ಗದ್ದೆ ಬಿರುಕು ಬಿಟ್ಟು, ಹಬ್ಬಕ್ಕೂ ಮನೆಯಲ್ಲಿ ಅನ್ನವಿಲ್ಲದೆ ನಾನು ರಂಪ ಮಾಡಿ ಏಟು ತಿಂದಿದ್ದೆ. ತೂಬು ಹಾಳಾಯಿತು ಪಾಪ ಎಂದು ಅಪ್ಪ ಸಾಯುವ ತನಕ ನಂಬಿದ್ದರು. ನಾನು ಸಿದ್ದಮಾವನ ಮುಖ ನೋಡಿದೆ. ಅವರು ಗುದ್ದಲಿ ನೋಡುತ್ತಾ, “ನಿಮ್ಮಪ್ಪುಂಗ್ ಹೇಳ್ಬೇಕಿತ್ತು ಕಣ್ಲಾ,” ಎಂದು ಮೆಲ್ಲಗೆ ಅಂದರು.

ಅಷ್ಟರಲ್ಲಿ ಅವರ ಹೆಂಡತಿ ರೊಟ್ಟಿಗೆ ಹಿಟ್ಟು ತೆಗೆಯಲು ಡಬ್ಬದ ಮೇಲಿನದನ್ನು ಎತ್ತಿ ಪಕ್ಕಕ್ಕಿಟ್ಟರು. ಗಾಜು ಹೊಳೆಯಿತು. ನಾನು ಬರೆದ ಬಿನ್ನವತ್ತಳೆ.

“ಗೋಡೆಗೆ ಹಾಕ್ಲಿಲ್ವಾ?” ಎಂದರು ಎಂ.ಡಿ.

“ಮಣ್ ಗ್ವಾಡೆ ಸ್ವಾಮಿ, ಉದುರ್ತದೆ. ಅಲ್ದೆ ದಿನಾ ಅದ್ರ ಮುಂದೆ ಕೂತ್ರೆ ಗೆಂಡೇಹಳ್ಳಿ ಮದ್ವೆ ಮರ್ತೋಯ್ತದೆ.”

ಬರುವಾಗ ಕಾರಿನಲ್ಲಿ ಎಂ.ಡಿ.ಯವರು, ಅರಸೀಕೆರೆ ಹತ್ತಿರ ಬಂದಾಗ, “ನಿಮ್ಮ ಸ್ಕೂಲಲ್ಲಿ ತುದೀಲಿರೋರು ಯಾರು ಮೇಷ್ಟ್ರೆ?” ಎಂದರು. ನಾನು “ಒಂಬತ್ತನೇ ಕ್ಲಾಸಿನ ಹುಡುಗಿಯರು,” ಎಂದೆ. ಮುಂದಿನ ಮಳೆಗಾಲದ ಹೊತ್ತಿಗೆ ಎರಡು ಕೊಠಡಿ ಎದ್ದು ನಿಂತವು. ಹುಡುಗಿಯರು ಬೆಂಚು ಹೊತ್ತುಕೊಂಡು ಒಳಗೆ ಹೋದ ದಿನ ನಾನು ಕೊಡೆಯನ್ನು ಸ್ಟಾಫ್‌ರೂಮಿನಲ್ಲಿಟ್ಟು ಬರಿಗೈಯಲ್ಲಿ ಪಾಠಕ್ಕೆ ಹೋದೆ. ಅಷ್ಟು ಖುಷಿ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಗೋಡೆಗೆ ಹಾಕುವ ಕಲ್ಲಿನ ಬರಹ ಮತ್ತೆ ನನ್ನ ಪಾಲಿಗೆ ಬಂತು. ಬುದ್ಧಿ ಕಲಿತಿದ್ದೆ. ‘ಈ ಎರಡು ಕೊಠಡಿ ಕಟ್ಟಿಸಿಕೊಟ್ಟವರು’ ಎಂದು ಬರೆದು ಕೆಳಗೆ ಅವರ ಹೆಸರು. ಪರದೆ ಸರಿಸಿ ಓದಿದ ಎಂ.ಡಿ.ಯವರು ನನ್ನ ಕಿವಿಯ ಹತ್ತಿರ ಬಗ್ಗಿ, “ಇಷ್ಟೇನಾ ಮೇಷ್ಟ್ರೆ? ಇನ್ನೊಂದು ಸಾಲು ಹಿಡೀತಿತ್ತು,” ಎಂದರು. ಮುಖದಲ್ಲಿ ನಿಜವಾಗಿಯೂ ಸ್ವಲ್ಪ ಬೇಜಾರಿತ್ತು. ಅವರು ನನಗೆ ತುಂಬ ಇಷ್ಟವಾದದ್ದು ಆ ಗಳಿಗೆಯಲ್ಲಿ.

ಕೆಲವು ವರ್ಷಗಳ ಮೇಲೆ, ಹಲ್ಲು ಕೀಳಿಸಲು ಹೋಗಿ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದಾಗ ಒಂದು ಇಂಗ್ಲಿಷ್ ಪತ್ರಿಕೆಯ ಮುಖಪುಟದಲ್ಲಿ ಅವರನ್ನು ಕಂಡೆ. ಆಗ ಅವರು ಮುಂಬೈಯಲ್ಲಿ ಯಾವುದೋ ಭಾರಿ ಕಂಪನಿಗೆ ದೊಡ್ಡ ತಲೆ. ದೇಶದ ಮಹಾನಾಯಕರು ಎಂಬ ಪಟ್ಟಿಯಲ್ಲಿ ಅವರದೂ ಒಂದು ಪುಟ. ತಡವರಿಸುತ್ತಾ ಓದಿದೆ. ದೂರದೃಷ್ಟಿಯಂತೆ. ಕರ್ತವ್ಯನಿಷ್ಠೆಯಂತೆ. ಸಾಮಾನ್ಯ ಕುಟುಂಬದಲ್ಲಿ ಹುಟ್ಟಿದರಂತೆ. ಎಷ್ಟೋ ಜನರನ್ನು ಕೆಲಸದಿಂದ ತೆಗೆದು ಕಂಪನಿಯನ್ನು ಉಳಿಸಿದ್ದು ದಿಟ್ಟತನವಂತೆ. ಪುಟ ತಿರುಗಿಸಿದರೆ ಇನ್ನೊಬ್ಬ ಸಾಹೇಬರು, ಅವರಿಗೂ ಅದೇ ದೂರದೃಷ್ಟಿ. ನಂಜುಂಡಯ್ಯ ಮುಂಬೈಯಲ್ಲೂ ಒಂದು ಪ್ರೆಸ್ ತೆಗೆದಿದ್ದಾನೆಯೇ ಎಂದು ನಗು ಬಂದು, ಹಲ್ಲು ನೋವು ಹೆಚ್ಚಾಯಿತು. ತೆಗೆದುಹಾಕಿದವರಲ್ಲಿ ತುದಿಯವರು ಎಷ್ಟು ಜನ, ಅವರ ಬಳಿಗೆ ನಮ್ಮ ಎಂ.ಡಿ.ಯವರು ಮೊದಲು ಹೋದರೋ ಇಲ್ಲವೋ, ಅದನ್ನು ಬರೆದಿರಲಿಲ್ಲ. ಅದನ್ನೇ ಹುಡುಕುತ್ತಿದ್ದೆ, ಒಳಗಿನಿಂದ ನನ್ನನ್ನು ಕರೆದರು.

ಕೊನೆಗೆ ನನ್ನ ಸರದಿಯೂ ಬಂತು. ಅದೇ ಹೊಸ ಕೊಠಡಿಯಲ್ಲಿ ನನಗೆ ಬೀಳ್ಕೊಡುಗೆ. ತಲೆಗೆ ಪೇಟ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಇಷ್ಟು ವರ್ಷ ಮೈಕಿನ ಈಚೆ ನಿಂತವನಿಗೆ ಆಚೆಯ ಕುರ್ಚಿ ಎಷ್ಟು ಮೆತ್ತಗಿರುತ್ತದೆಂದು ಗೊತ್ತೇ ಇರಲಿಲ್ಲ. ಹೊಸ ಕನ್ನಡ ಮೇಡಂ ಓದಿದರು. ನಂಜುಂಡಯ್ಯ ಆಗಲೇ ಕಂಪ್ಯೂಟರ್ ಇಟ್ಟಿದ್ದ, ಹಳೆಯ ಬಿನ್ನವತ್ತಳೆಗಳನ್ನೆಲ್ಲ ಅದರೊಳಗೆ ತುಂಬಿಸಿಕೊಂಡಿದ್ದ.

“ತುದಿಯವನು ಕೂಗಿ ಕರೆಯುವ ತನಕ ತಾವು ಕಾಯಲಿಲ್ಲ.”

ಈ ಮಾತು ಸಿದ್ದಮಾವನದು, ನನಗೆ ಸಲ್ಲದು ಎಂದು ಏಳಬೇಕು. ಪ್ರೂಫ್ ನೋಡದೆ ಪಾಯಸ ಉಂಡವನು, ಬಸ್ಸಿನಲ್ಲಿ ಸ್ಟಾಪ್ ಬಂತೆಂದು ಇಳಿದವನು, ಇಷ್ಟು ಜನರ ಮುಂದೆ ಈಗಲಾದರೂ ಏಳಬೇಕು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಶಾರದ ಮೊದಲನೇ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೇಳಲು ಬಹಳ ಹಿತವಾಗಿತ್ತು. ನಾನು ಬುಟ್ಟಿಯನ್ನು ಸ್ವಲ್ಪ ಭದ್ರವಾಗಿ ಹಿಡಿದುಕೊಂಡೆ.

ಮಾರನೆಯ ದಿನ ಆ ಬಿನ್ನವತ್ತಳೆಯನ್ನು ತೆಗೆದುಕೊಂಡು ಹೋಗಿ ಹಿಟ್ಟಿನ ಡಬ್ಬದ ಮೇಲಿಟ್ಟೆ.

ಇಷ್ಟನ್ನೂ ಕೇಳಿದ ಮೇಲೆ ಭಾವ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಕುಡಿದರು. “ಎಲ್ಲಾ ಸರಿ ಭಾವ. ಆ ಎಂ.ಡಿ. ದೊಡ್ಡ ನಾಯಕ ಹೌದೋ ಅಲ್ವೋ, ಅದನ್ನ ಹೇಳಿ.”

“ಒಂದು ನಿಮಿಷದ ಮಟ್ಟಿಗೆ ಹೌದು,” ಎಂದೆ. “ಪೇಟ ತೆಗೆದಿಟ್ಟು ಎದ್ದು ನಿಂತ್ರಲ್ಲ, ಅಷ್ಟು ಹೊತ್ತು. ನನ್ನ ಕೈಲಿ ಅಷ್ಟೂ ಆಗ್ಲಿಲ್ಲ.”